ಹೊಸ ಶೂ, ಹಳೇ ಗಂಡ

ಗೆಳೆಯರೇ, ಇವತ್ತು ನಾನು ಧರ್ಮತಲಾದಿಂದ ಸಿಯಾಲ್ದಾವರೆಗೆ, ಸುಮಾರು ಮೂರು ಕಿಲೋಮೀಟರ್, ನಡೆದೆ. ಹೌದು, ನಾನೇ!

ನನ್ನ ಹೆಬ್ಬೆರಳಿನ ಬುಡದಲ್ಲಿ ಮೂಳೆ ಉಬ್ಬಿದೆ, ಹಿಮ್ಮಡಿ ನೋವು ಬೇರೆ. ಕಾಲೇಜಿನಲ್ಲಿ ನಿಂತು ಪಾಠ ಮಾಡುವುದೇ ಕಷ್ಟ. ಹನ್ನೊಂದು ವರ್ಷದಿಂದ ಶೂ ಅಂಗಡಿಯವರೆಲ್ಲ ಹೇಳಿದ್ದು ಒಂದೇ ಮಾತು: "ಹಾಕ್ಕೊಳ್ತಾ ಹಾಕ್ಕೊಳ್ತಾ ಸಡಿಲ ಆಗುತ್ತೆ ದೀದಿ." ಯಾವುದೂ ಆಗಲಿಲ್ಲ.

ಹೋದ ತಿಂಗಳು ಬೆಂಟಿಂಕ್ ಸ್ಟ್ರೀಟಿನಲ್ಲಿ ಶೂ ಹೊಲಿಯುವ ಚೀನೀ ಅಜ್ಜರೊಬ್ಬರು ನನ್ನನ್ನು ಕಾಗದದ ಮೇಲೆ ನಿಲ್ಲಿಸಿ, ಎರಡೂ ಪಾದದ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡಿದ್ದರು. ಇವತ್ತು ಶೂ ತಯಾರಾಗಿತ್ತು. ಹಾಕಿಕೊಂಡೆ. ಎಲ್ಲೂ ಒತ್ತಲಿಲ್ಲ. ಕಣ್ಣಲ್ಲಿ ನೀರು ಬಂದುಬಿಟ್ಟಿತು.

ಅಜ್ಜ ಗಾಬರಿಯಾಗಿ ಹಿಂದಿಯಲ್ಲಿ ಕೇಳಿದರು, "ಎಲ್ಲಿ ಚುಚ್ಚುತ್ತಿದೆ?"

"ಎಲ್ಲೂ ಇಲ್ಲ, ಅದಕ್ಕೇ ಅಳು," ಅಂದೆ.

ಹೊರಗೆ ಬಂದರೆ ಕೆಂಪು ಬಾವುಟದ ಮೆರವಣಿಗೆ. ಬಸ್ಸು, ಟ್ರಾಮು ಎಲ್ಲ ನಿಂತಿವೆ. ಜೊತೆಗಿದ್ದ ನಮ್ಮವರು, "ಟೀ ಅಂಗಡೀಲಿ ಕೂತಿರೋಣ, ನಡೆಯೋದು ನಿನ್ನ ಕೈಲಾಗಲ್ಲ," ಅಂದರು.

"ಬನ್ನಿ ಸುಮ್ನೆ," ಅಂತ ಹೊರಟೇಬಿಟ್ಟೆ.

ದಾರಿಯಲ್ಲಿ ಮೌಲಾಲಿ ಹತ್ತಿರ ಹಿಂದಿನಿಂದ ಕೂಗು ಬಂತು: "ಲೇ, ಸ್ವಲ್ಪ ನಿಧಾನ ಕಣೇ!" ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಅವರ ಬಾಯಿಂದ ಈ ಮಾತು ಕೇಳಿದ್ದು ಇವತ್ತೇ ಮೊದಲು. ಇನ್ನೊಂದು ಸಲ ಹೇಳಲಿ ಅಂತ ಕೇಳಿಸದವಳ ಹಾಗೆ ಮುಂದೆ ನಡೆದೆ.

ಈಗ ನಮ್ಮವರು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದಾರೆ. ಉಪ್ಪು ಎಷ್ಟು ಹಾಕಬೇಕು ಅಂತ ಕೇಳುತ್ತಿದ್ದಾರೆ. ಆ ವಿದ್ಯೆಯಲ್ಲಿ ಈ ಮನೆಗೆ ನಾನೇ ಪಂಡಿತೆ.