ಗೀರು ಮಾವನ ಹೆಬ್ಬೆರಳು

ನಮ್ಮ ಸೋದರಮಾವ, ಅಂದರೆ ಅಮ್ಮನ ಅಣ್ಣ, ತೋಟಗಳಿಗೆ ಹಸಿರು ಬೇಲಿ ನೆಟ್ಟು, ಕತ್ತರಿಸಿ, ರೂಪ ಕೊಡುವ ಕೆಲಸದವರು. ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದ ಒಂಬತ್ತಕ್ಕಿಂತ ಉದ್ದ. ಯಾವ ನರ್ಸರಿಗೆ ಹೋದರೂ ಕಾಂಡವನ್ನು ಆ ಉಗುರಿನಿಂದ ಗೀರಿ, ತೊಗಟೆಯ ಕೆಳಗೆ ಹಸಿರಿದೆಯೇ ಎಂದು ನೋಡದೆ ಗಿಡ ಕೊಂಡವರಲ್ಲ. ಮಾರುವವರ ಮಾತು ನಂಬುವುದು ಅವರ ಜಾಯಮಾನದಲ್ಲೇ ಇಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವರು ಗೀರು ಮಾವ. ಹನ್ನೆರಡು ವರ್ಷದ ಹಿಂದೆ, ನಾನು ಮದುವೆಯಾಗಬೇಕೆಂದಿದ್ದ ಹುಡುಗನನ್ನು ಮೊದಲ ಸಲ ಮನೆಗೆ ಕರೆತಂದಾಗ ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದರು. ಎಲ್ಲಿ ಗೀರಿಬಿಡುತ್ತಾರೋ ಎಂದು ನಾನು ನಡುವೆ ಹೋಗಿ ನಿಂತಿದ್ದೆ.

ಆ ಮಾವ ಹನ್ನೊಂದು ವರ್ಷದಿಂದ ನಮ್ಮ ಮನೆಯ ಮೆಟ್ಟಿಲು ಹತ್ತಿರಲಿಲ್ಲ. ಮನೆಯ ಹಿಂದೆಯೇ ಅಮ್ಮನ ನರ್ಸರಿ. ಬಾಕ್ಸ್‌ವುಡ್ ಎಂಬ, ಚಿಕ್ಕ ಎಲೆಯ, ಆಮೆಗತಿಯಲ್ಲಿ ಬೆಳೆಯುವ ಬೇಲಿಗಿಡವೇ ಅಲ್ಲಿ ಹೆಚ್ಚು. ಹನ್ನೊಂದು ವರ್ಷದ ಹಿಂದೆ ಮಾವ ಅಲ್ಲಿಂದ ಅರವತ್ತು ಗಿಡ ಆರಿಸಿ ಒಯ್ದು ಯಾರದೋ ತೋಟದಲ್ಲಿ ನೆಟ್ಟರು. ತಿಂಗಳೊಳಗೆ ಎಲೆಗಳಲ್ಲಿ ಕಪ್ಪು ಚುಕ್ಕೆ, ಕಾಂಡದ ಮೇಲೆ ಕಪ್ಪು ಗೆರೆ, ಅರವತ್ತೂ ಬೋಳಾದವು.

"ರೋಗದ ಗಿಡ ನನ್ನ ತಲೆಗೆ ಕಟ್ಟಿದ್ಯಲ್ಲ! ಬೇರೆಯವರಾಗಿದ್ರೆ ಹಾಳಾಗಿ ಹೋಗ್ಲಿ ಅಂತಿದ್ದೆ. ಸ್ವಂತ ತಂಗಿ!" ಎಂದು ಅಂಗಳದಲ್ಲೇ ಕೂಗಾಡಿ, ಅಮ್ಮ ತಂದ ನೀರಿನ ಲೋಟವನ್ನೂ ಮುಟ್ಟದೆ ಹೋದವರು ಹೋದವರೇ. ಅಮ್ಮ ಒಂದು ಮಾತೂ ತಿರುಗಿ ಆಡಲಿಲ್ಲ. ಮಾವನಿಗಿಂತ ಅವಳ ಆ ಮೌನವೇ ನನಗೆ ಹೆಚ್ಚು ಕೋಪ ತರಿಸಿತ್ತು.

ಕಳೆದ ತಿಂಗಳು ಅದೇ ಮಾವ ಗೇಟಿನ ಹೊರಗೆ ನಿಂತಿದ್ದರು. ಗ್ರಂಥಾಲಯದ ಅಂಗಳಕ್ಕೆ ಮೂರು ಬೇರೆ ಬೇರೆ ಎತ್ತರದ ಬಾಕ್ಸ್‌ವುಡ್ ಗಿಡ ಬೇಕಂತೆ: ಕಾಲುದಾರಿಯ ಅಂಚಿಗೆ ಗೇಣುದ್ದದವು, ಹೂಪಾತಿಯ ಸುತ್ತ ಮೊಣಕಾಲೆತ್ತರದವು, ಗೋಡೆಯ ಬದಿಗೆ ಸೊಂಟದೆತ್ತರದವು ಇಪ್ಪತ್ತು. ಮೊದಲ ಎರಡು ಎಲ್ಲಿ ಬೇಕಾದರೂ ಸಿಗುತ್ತವೆ. ಆದರೆ ಬಾಕ್ಸ್‌ವುಡ್ ಸೊಂಟಕ್ಕೆ ಬರಲು ಹತ್ತು ವರ್ಷಕ್ಕೂ ಮೇಲೆ ಬೇಕು. ಅಷ್ಟು ಕಾದವಳು ಸುತ್ತಮುತ್ತ ಅಮ್ಮ ಒಬ್ಬಳೇ.

ಇವರಿಗೆ ಬೇಕಾದದ್ದು ಗಿಡವೋ, ಹಳೆಯ ಜಗಳ ಕೆದಕಲು ಒಂದು ನೆಪವೋ ಎಂದು ನನಗೆ ಗುಮಾನಿ. ಈ ಬುದ್ಧಿ ನನಗೆ ಸೋದರಮಾವನಿಂದಲೇ ಬಂದಿರಬೇಕು. ಅಮ್ಮನಿಗೋ, ಅಣ್ಣ ಒಳಗೆ ಬಂದರೆ ಸಾಕು. ಕೈಯ ಮಣ್ಣನ್ನೂ ಒರೆಸಿಕೊಳ್ಳದೆ ಗೇಟು ತೆಗೆದಳು.

ಮಾವ "ಹೇಗಿದ್ದೀಯ" ಎಂದೂ ಕೇಳಲಿಲ್ಲ. ಚಿಕ್ಕ ಗಿಡವೊಂದನ್ನು ಬುಡ ಹಿಡಿದು ಎತ್ತಿದರು. ಕುಂಡ ಬಿಟ್ಟು ಗಿಡವೊಂದೇ ಮೇಲೆ ಬಂದರೆ, ದೊಡ್ಡದಾಗಿ ಕಾಣಲೆಂದು ಮೊನ್ನೆ ಮೊನ್ನೆ ಕುಂಡ ಬದಲಿಸಿದ್ದಾರೆ ಎಂದರ್ಥ. ಕುಂಡವೂ ಜೊತೆಗೇ ಎದ್ದಿತು. ಎಲೆ ಮಗುಚಿ ನೋಡಿದರು, ಮೂಸಿದರು. ಏನೂ ತಪ್ಪು ಸಿಗದ್ದಕ್ಕೆ ಮುಖ ಇನ್ನಷ್ಟು ಗಂಟಿಕ್ಕಿಕೊಂಡು ಸೊಂಟದೆತ್ತರದ ಸಾಲಿಗೆ ಬಂದು, ಹೆಬ್ಬೆರಳು ಚಾಚಿದರು.

"ಕೈ ತೊಳ್ಕೊಂಡು ಮುಟ್ಟು ಅಣ್ಣ" ಎಂದಳು ಅಮ್ಮ. ಕೆಲವು ವರ್ಷಗಳಿಂದ ನರ್ಸರಿಯ ಬಾಗಿಲಲ್ಲಿ ಸೋಪು, ನೀರಿನ ಬಕೆಟ್ಟು ಸದಾ ಇರುತ್ತವೆ. ಬಂದವರೆಲ್ಲ ಅಲ್ಲಿ ಕೈ ತೊಳೆಯಲೇಬೇಕು; ಮಾವ ಮಾತ್ರ ಅದನ್ನು ನೋಡದೆ ದಾಟಿ ಬಂದಿದ್ದರು. ಅದು ಅವಳ ಶುಚಿಯ ಹುಚ್ಚು ಎಂದೇ ನಾನು ತಿಳಿದಿದ್ದೆ.

"ಯಾಕೆ? ಏನು ಮುಚ್ಚಿಡ್ತಿದ್ದೀಯ?"

"ಇವು ಯಾವ ಗಿಡ ಗೊತ್ತಾ? ನೀನು ಅರವತ್ತು ತಗೊಂಡು ಹೋದ ದಿನ ಇವು ಗೇಣುದ್ದ ಇದ್ವು. ಬಗ್ಗೋಕೆ ಸೊಂಟ ನೋವು ಅಂತ ನೀನು ಇವನ್ನ ಗೀರ್ಲೇ ಇಲ್ಲ. ಗೀರಿ ನೋಡಿ ಬೇಡ ಅಂತ ಮೂವತ್ತು ಬಿಟ್ಟು ಹೋದ್ಯಲ್ಲ, ಅವೂ ಇಲ್ಲೇ ಸತ್ವು, ನಿನ್ನವು ಸತ್ತ ಹಾಗೇ. ನೀನು ಮುಟ್ಟದೇ ಇದ್ದವು ಮಾತ್ರ ಉಳ್ಕೊಂಡ್ವು."

ಮಾವನ ಕೈ ಗಾಳಿಯಲ್ಲೇ ನಿಂತಿತು. ಆ ದಿನ ಅವರು ನಮ್ಮಲ್ಲಿಗೆ ಬರುವ ಮೊದಲು ಬೇರೊಂದು ತೋಟದಲ್ಲಿ ಒಣಗುತ್ತಿದ್ದ ಬೇಲಿಯನ್ನು ಗೀರಿ ನೋಡಿ ಬಂದಿದ್ದರು. ಅವರೇ ಹಾಗೆ ಹೇಳಿಕೊಂಡದ್ದು ನನಗೂ ನೆನಪಿತ್ತು. ಆ ರೋಗ ಕತ್ತರಿಯಿಂದ, ಕೈಯಿಂದ ಹರಡುತ್ತದೆ ಎಂದು ಗಿಡದ ಡಾಕ್ಟರೊಬ್ಬರು ಆಮೇಲೆ ಅಮ್ಮನಿಗೆ ಹೇಳಿದ್ದರಂತೆ. ಮೋಸ ಹುಡುಕುತ್ತ ಹೋದ ಉಗುರೇ ಒಂದರಿಂದ ಒಂದಕ್ಕೆ ರೋಗ ದಾಟಿಸಿತ್ತು.

"ಆಗ್ಲೇ ಯಾಕೆ ಹೇಳ್ಲಿಲ್ಲ?" ಮಾವನ ದನಿ ಇಳಿದಿತ್ತು.

"ಹೇಳಿದ್ರೆ ನಂಬ್ತಿದ್ಯಾ?"

ಮಾವ ನಿಜವಾಗಿಯೂ ಯೋಚಿಸಿದರು. "ಇಲ್ಲ" ಎಂದರು.

ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತು ಮೊಣಕೈವರೆಗೆ ಉಜ್ಜಿ ಉಜ್ಜಿ ತೊಳೆದರು. ಇಷ್ಟು ವರ್ಷ ಅವರ ಮೇಲೆ ಹಲ್ಲು ಮಸೆದಿದ್ದ ನನಗೂ ಅಯ್ಯೋ ಅನಿಸಿತು. ತೊಳೆದ ಕೈಯನ್ನು ಗಿಡದ ಕಡೆ ಚಾಚದೆ, "ಇಪ್ಪತ್ತನ್ನೂ ನೀನೇ ಆರಿಸು" ಎಂದರು ಅಮ್ಮನಿಗೆ. ಇನ್ನೊಬ್ಬರು ಆರಿಸಿದ ಗಿಡವನ್ನು ಅವರು ಆಯಸ್ಸಿನಲ್ಲೇ ಒಯ್ದವರಲ್ಲ. ಅಮ್ಮ ಮುಖ ಆಚೆ ತಿರುಗಿಸಿಕೊಂಡು ಆರಿಸತೊಡಗಿದಳು. ಇಪ್ಪತ್ತು ಎಣಿಸುವಷ್ಟರಲ್ಲಿ ಮೂರು ಸಲ ಲೆಕ್ಕ ತಪ್ಪಿದಳು.

ಮಾವ ಮೆಟ್ಟಿಲು ಹತ್ತಿ ಒಳಗೆ ಬಂದು ಕೂತರು. ಅಮ್ಮ ಕೊಟ್ಟ ನೀರು ಕುಡಿದರು. ಆಮೇಲೆ ನನ್ನ ಕಡೆ ತಿರುಗಿ, "ನೇಲ್ ಕಟರ್ ಇದ್ರೆ ಕೊಡಮ್ಮ" ಎಂದರು. ತಂದುಕೊಟ್ಟೆ. ಹೆಬ್ಬೆರಳಿಗೆ ಹಿಡಿದವರು ತಟ್ಟನೆ ನಿಲ್ಲಿಸಿ, ಅದನ್ನು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿದರು.

"ಇದನ್ನ ತೊಳೆದಿದ್ದೀಯಾ?"

ನನಗೂ ಅನುಮಾನ ಬಂತು. ಒಳಗೆ ಹೋಗಿ ಸೋಪು ಹಾಕಿ ತೊಳೆದು ತಂದೆ.