ಎರಡು ಸಲ ಮಿಟುಕಿದ ಟಾರ್ಚು

ಲಿಫ್ಟಣ್ಣನ ಅಂಗಿಗಳೆಲ್ಲ ಹರಿಯುತ್ತಿದ್ದದ್ದು ಒಂದೇ ಜಾಗದಲ್ಲಿ, ಎದೆಜೇಬಿನ ತಳದಲ್ಲಿ. ಅಲ್ಲಿ ಅವನ ಟಾರ್ಚು ಇರುತ್ತಿತ್ತು. ಎರಡು ಸೆಲ್ಲಿನ, ಗೇಣುದ್ದವೂ ಇಲ್ಲದ ತಗಡಿನ ಟಾರ್ಚು. ಕೆಲಸಕ್ಕೆ ಹೋಗಲಿ, ನೆಂಟರ ಮನೆಗೆ ಹೋಗಲಿ, ಅದು ಜೇಬಿನಲ್ಲಿ ಇರಲೇಬೇಕು. ಹೆಂಡತಿ ಒಳಗಡೆ ದಪ್ಪ ಬಟ್ಟೆ ಇಟ್ಟು ಹೊಲಿದು ಹೊಲಿದು ಸಾಕಾಗಿ, "ನೀವು ನನ್ನ ಮುಖ ನೋಡಿದ್ದಕ್ಕಿಂತ ಅದರ ಮುಖ ನೋಡಿದ್ದೇ ಜಾಸ್ತಿ" ಎನ್ನುತ್ತಿದ್ದಳು.

"ಅದು ಒತ್ತಿದರೆ ಮಾತ್ರ ಉರಿಯುತ್ತೆ ಕಣೇ" ಎಂದು ಅವನು ಅಂಗಿ ತೊಟ್ಟು ಹೊರಟುಬಿಡುತ್ತಿದ್ದ.

ಲಿಫ್ಟು ರಿಪೇರಿ ಅವನ ಕೆಲಸ. ಜೊತೆಗಾರ ಕುಳ್ಳ. ಕುಳ್ಳ ಅಂಥ ಕುಳ್ಳನೇನಲ್ಲ, ಗಳದ ಹಾಗಿದ್ದ ಲಿಫ್ಟಣ್ಣನ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ನಿಂತು ಆ ಹೆಸರು ಅಂಟಿಸಿಕೊಂಡಿದ್ದ. ಲಿಫ್ಟು ಓಡಾಡುವ ಕತ್ತಲ ಗೂಡಿಗೆ ಇಬ್ಬರೂ ಬಾವಿ ಎನ್ನುತ್ತಿದ್ದರು. ಕುಳ್ಳ ಬಾವಿಯೊಳಗೆ ಲಿಫ್ಟಿನ ತಲೆಯ ಮೇಲೆ ಕೂತು, ಅದು ಜಾರುವ ಕಂಬಿಗಳ ಹಳೆಯ ಗ್ರೀಸು ಒರೆಸಬೇಕು. ಲಿಫ್ಟಣ್ಣ ತಾರಸಿಯ ಮೋಟಾರು ಕೋಣೆಯಲ್ಲಿ ಸ್ವಿಚ್ಚು ಹಿಡಿದು, ಅವನಿಗೆ ಬೇಕಾದ ಹಾಗೆ ಲಿಫ್ಟನ್ನು ಅಷ್ಟಷ್ಟೇ ಮೇಲೆ ಕೆಳಗೆ ಮಾಡಬೇಕು. ಮೋಟಾರಿನ ಸದ್ದಿಗೆ ಕೂಗು ಕೇಳಿಸುವುದಿಲ್ಲ. ಬಾವಿಯೊಳಗೆ ಫೋನಿಗೂ ಉಸಿರಿಲ್ಲ. ಅದಕ್ಕೆ ಅವರದೇ ಒಂದು ಭಾಷೆ ಇತ್ತು. ಉಕ್ಕಿನ ಹಗ್ಗ ಇಳಿಯುವ ತೂತಿನಲ್ಲಿ ಲಿಫ್ಟಣ್ಣ ಬಗ್ಗಿ ನೋಡುತ್ತಿದ್ದ. ಕೆಳಗಿನ ಟಾರ್ಚು ಒಂದು ಸಲ ಮಿಟುಕಿದರೆ ಒಂದು ಮೊಳ ಮೇಲೆ. ಎರಡು ಸಲ ಮಿಟುಕಿದರೆ ಒಂದು ಮೊಳ ಕೆಳಗೆ. ಅಲುಗದೆ ಉರಿಯುತ್ತಿದ್ದರೆ ಕೈ ಕಂಬಿಯ ಮೇಲಿದೆ, ಮುಟ್ಟಬೇಡ ಅಂತ.

ಟಾರ್ಚು ಯಾವಾಗಲೂ ಲಿಫ್ಟಣ್ಣನದೇ. ಕುಳ್ಳನಿಗೆ ಕೊಡಿಸಿದ್ದೆಲ್ಲ ವಾರ ತಿರುಗುವುದರೊಳಗೆ ಎಲ್ಲೋ ಬಿದ್ದುಹೋಗುತ್ತಿತ್ತು. "ನಿನ್ನ ತಲೆ ಕತ್ತಿಗೆ ಅಂಟಿಕೊಂಡಿರೋದು ನಿನ್ನ ಪುಣ್ಯ" ಎಂದು ಬೈದು, ಬಾವಿಗೆ ಇಳಿಯುವ ಮುಂಚೆ ಲಿಫ್ಟಣ್ಣ ತನ್ನ ಜೇಬಿನದನ್ನೇ ತೆಗೆದು ಅವನ ಕೈಗಿಡುತ್ತಿದ್ದ.

ತಗಡಿನ ಟಾರ್ಚಿನ ಸ್ವಿಚ್ಚು ತುಕ್ಕು ಹಿಡಿದು ಕಚ್ಚಿಕೊಂಡಾಗ ಲಿಫ್ಟಣ್ಣ ಹೊಸದು ತಂದ. ಕಪ್ಪು ಬಣ್ಣದ್ದು, ಹೆಬ್ಬೆರಳಿನಷ್ಟು ದಪ್ಪ, ಹಿಂಬದಿಯಲ್ಲಿ ಒಂದೇ ಗುಂಡಿ. ಹಾಕಿದರೆ ಎದುರಿನ ಮನೆಯ ಗೋಡೆ ಹೊತ್ತಿ ಉರಿದಂತೆ ಕಾಣುತ್ತಿತ್ತು. ಏಳು ಮಹಡಿಯ ಬಟ್ಟೆ ಮಳಿಗೆಯಲ್ಲಿ ಅವತ್ತು ಕೆಲಸ. ಅಲ್ಲಿನ ಲಿಫ್ಟು ಹಳೆಯದು. ಅದರ ತಲೆಯ ಮೇಲೆ ಇರಬೇಕಾದ ನಿಲ್ಲಿಸುವ ಗುಂಡಿ ಕೆಟ್ಟು ವರ್ಷಗಳಾಗಿದ್ದವು.

"ತಗೋ, ಸೂರ್ಯನ ತುಂಡು" ಎಂದು ಲಿಫ್ಟಣ್ಣ ಹೊಸ ಟಾರ್ಚು ಕೊಟ್ಟ.

"ನನ್ನನ್ನ ಬೇಯಿಸೋಕೆ ತಂದಿದ್ದೀಯೇನೋ ಮಾರಾಯ?" ಎಂದು ನಗುತ್ತಲೇ ಕುಳ್ಳ ಇಳಿದ.

ಮಧ್ಯಾಹ್ನ ಊಟಕ್ಕೆ ಮುಂಚೆ ಕೆಳಗಿನ ಬೆಳಕು ಎರಡು ಸಲ ಮಿಟುಕಿತು. ಲಿಫ್ಟಣ್ಣ ಸ್ವಿಚ್ಚು ಒತ್ತಿದ. ಲಿಫ್ಟು ಒಂದು ಮೊಳ ಇಳಿಯಿತು. ಆಮೇಲೆ ಕೇಳಿಸಿದ ಕೂಗಿಗೆ ಮೋಟಾರಿನ ಸದ್ದು ಅಡ್ಡ ಬರಲಿಲ್ಲ.

ಕುಳ್ಳನ ಎಡಗೈಯ ಎರಡು ಬೆರಳು ಕಂಬಿಗೂ ಲಿಫ್ಟಿಗೂ ನಡುವೆ ಸಿಕ್ಕಿ ತುಂಡಾದವು. ಟಾರ್ಚು ಬಾವಿಯ ತಳಕ್ಕೆ ಬಿದ್ದು ಚೂರಾಯಿತು.

ಕಂಪನಿಯವರು ಇಬ್ಬರ ಹೇಳಿಕೆಯನ್ನೂ ಬರೆಸಿಕೊಂಡರು. ಕುಳ್ಳ ಆಸ್ಪತ್ರೆಯ ಮಂಚದಲ್ಲೇ ಹೇಳಿದ: "ನಾನು ದೀಪ ಹಾಕಿ ಪಕ್ಕಕ್ಕಿಟ್ಟಿದ್ದೆ. ನಿಲ್ಲು ಅಂತಾನೇ ಹಾಕಿದ್ದೆ." ಲಿಫ್ಟಣ್ಣ ಹೇಳಿದ: "ಎರಡು ಸಲ ಮಿಟುಕಿತು. ನನ್ನ ಕಣ್ಣಾರೆ ನೋಡಿದೆ." ಕೆಳಗೆ ಸಹಿ ಹಾಕಿದ.

ಆ ಸಹಿಯೊಂದಿಗೆ ಏನೋ ಕಡಿದುಹೋಯಿತು. ಕುಳ್ಳ ಸುಳ್ಳು ಹೇಳುತ್ತಿದ್ದಾನೆ ಅಂತ ಲಿಫ್ಟಣ್ಣನಿಗೆ. ಹೆದರಿ ತಪ್ಪು ಸನ್ನೆ ಮಾಡಿ, ಈಗ ನನ್ನ ತಲೆಗೆ ಕಟ್ಟುತ್ತಿದ್ದಾನೆ, ಇಪ್ಪತ್ತೆರಡು ವರ್ಷ ಒಂದೇ ಡಬ್ಬಿಯಲ್ಲಿ ಊಟ ಮಾಡಿದವನು! ಆಸ್ಪತ್ರೆಗೆ ಒಂದು ಸಲ ಹೋಗಿ ಬಾಗಿಲಲ್ಲೇ ನಿಂತು ಬಂದ. ಒಂದು ರಾತ್ರಿ ಮನೆಯಲ್ಲಿ ಊಟಕ್ಕೆ ಕೂತಿದ್ದ.

"ಕುಳ್ಳಣ್ಣನ ಹೆಂಡತಿ ಎದುರಿಗೆ ಸಿಕ್ಕಿದ್ದಳು. ಮುಖ ತಿರುಗಿಸಿಕೊಂಡು ಹೋದಳು" ಎಂದಳು ಹೆಂಡತಿ.

"ಹೋಗಲಿ ಬಿಡು. ನಾನು ನೋಡಿದ್ದನ್ನ ನೋಡಿಲ್ಲ ಅನ್ನೋಕಾಗುತ್ತಾ?"

"ನೋಡಿದ್ದು ನಿಜಾನೇ ಇರಬಹುದು. ಆದ್ರೆ ಕುಳ್ಳಣ್ಣ ಸುಳ್ಳು ಹೇಳಿದ್ದು ನೀವು ಯಾವತ್ತಾದ್ರೂ ನೋಡಿದ್ದೀರಾ?"

ಅವನು ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದ.

ಮೂರನೇ ವಾರ ಸುದ್ದಿ ಬಂತು. ಕೆಲಸದಲ್ಲಿ ಅಜಾಗರೂಕತೆ ಎಂದು ಕುಳ್ಳನನ್ನು ತೆಗೆದುಹಾಕುತ್ತಾರಂತೆ. ಸೋಮವಾರ ಕಾಗದ ಕೈಗೆ ಕೊಡುತ್ತಾರಂತೆ. ಲಿಫ್ಟಣ್ಣನಿಗೆ ಮಾತ್ರ ಹೊಸ ಜೊತೆಗಾರನನ್ನು ಕೊಟ್ಟು, ಬಾವಿ ಕೆಲಸ ಮತ್ತೆ ಶುರು ಮಾಡು ಎಂದರು.

ಬಾವಿ ಅಂದಮೇಲೆ ಟಾರ್ಚು ಬೇಕು. ಶನಿವಾರ ಅವನು ಕಪ್ಪು ಟಾರ್ಚು ಕೊಂಡಿದ್ದ ಅಂಗಡಿಗೇ ಹೋದ. ಅಂಗಡಿಯವನು ಗಾಜಿನ ಮೇಲೆ ಏಳೆಂಟು ಟಾರ್ಚು ಸಾಲಾಗಿ ಇಟ್ಟ. ಒಂದು ಪೆನ್ನಿನ ಹಾಗಿತ್ತು, ಒಂದು ಬೀಗದ ಕೈಗೆ ತೂಗುಹಾಕುವಂಥದ್ದು. ಒಂದನ್ನು ತಿರುಗಿಸಬೇಕು, ಒಂದನ್ನು ಎಳೆಯಬೇಕು. ಒಂದಕ್ಕೆ ಫೋನಿನ ಹಾಗೆ ಚಾರ್ಜು ಹಾಕಬೇಕಂತೆ. ಲಿಫ್ಟಣ್ಣ ಒಂದೊಂದನ್ನೂ ಅಂಗೈಯಲ್ಲಿ ತೂಗಿ ನೋಡಿ, ಎದೆಯೆತ್ತರದಿಂದ ಗೋಣಿಚೀಲದ ಮೇಲೆ ಬೀಳಿಸಿ ನೋಡಿದ.

"ಅಣ್ಣಾ, ಟಾರ್ಚು ಕೊಳ್ತಿದ್ದೀರೋ, ಹೆಣ್ಣು ನೋಡೋಕೆ ಬಂದಿದ್ದೀರೋ?" ಎಂದ ಅಂಗಡಿಯವನು. "ಹೋದ ಸಲ ತಗೊಂಡ್ರಲ್ಲ, ಅದೇ ತಗೊಳ್ಳಿ. ಮೂರು ಥರ ಬೆಳಕು. ಗುಂಡಿ ಪೂರ್ತಿ ಒತ್ತಿದ್ರೆ ಹತ್ತುತ್ತೆ, ಆರುತ್ತೆ. ಜಾಸ್ತಿ ಆಯ್ತು ಅನ್ನಿಸಿದ್ರೆ ಮೆಲ್ಲಗೆ ಒತ್ತಿ, ಕಮ್ಮಿ ಆಗುತ್ತೆ. ಇನ್ನೊಂದು ಸಲ ಒತ್ತಿ, ಇನ್ನೂ ಕಮ್ಮಿ."

ಅವನು ಅಂಗಡಿಯ ಹಿಂದಿನ ಕತ್ತಲ ಗೋಡೆಗೆ ಬೆಳಕು ಬಿಟ್ಟು ತೋರಿಸಿದ. ಒತ್ತಿದಾಗ ಬೆಳಕು ಆರಿ, ಮತ್ತೆ ಹತ್ತಿತು. ಇನ್ನೊಮ್ಮೆ ಒತ್ತಿದಾಗ ಆರಿ, ಮತ್ತೆ ಹತ್ತಿತು. ಆಮೇಲೆ ಅಲುಗದೆ ಉರಿಯಿತು.

ಲಿಫ್ಟಣ್ಣ ಕೈಯಲ್ಲಿದ್ದ ಪೆನ್ನಿನಂಥ ಟಾರ್ಚನ್ನು ಗಾಜಿನ ಮೇಲಿಟ್ಟ.

"ಇನ್ನೊಂದು ಸಲ ಮಾಡು."

"ಮಾಡಿದೆನಲ್ಲ ಅಣ್ಣಾ."

"ಮಾಡಪ್ಪ, ಕಾಲಿಗೆ ಬೀಳ್ತೀನಿ."

ಗೋಡೆ ಮತ್ತೆ ಎರಡು ಸಲ ಮಿಟುಕಿತು. ಇಕ್ಕಟ್ಟಾದ ಬಾವಿ, ಮೂತಿಯ ಮುಂದೆಯೇ ಸಿಮೆಂಟು ಗೋಡೆ, ಕಣ್ಣು ಕುಕ್ಕುವ ಬೆಳಕು. ನಿಲ್ಲು ಅಂತ ದೀಪ ಹಾಕಿದವನು, ಕಣ್ಣಿಗೆ ತಡೆಯದೆ ಬೆಳಕು ಕಮ್ಮಿ ಮಾಡಿಕೊಂಡು, ಕಂಬಿಗೆ ಕೈ ಹಾಕಿದ್ದಾನೆ. ಅಷ್ಟೇ. ಅವನು ನಿಲ್ಲು ಎಂದದ್ದೂ ನಿಜ, ಎರಡು ಸಲ ಮಿಟುಕಿದ್ದೂ ನಿಜ. ಆ ಗುಂಡಿಯ ಗುಣ ತಿಳಿದುಕೊಳ್ಳದೆ ಅದನ್ನು ಕೊಂಡು ತಂದವನು, "ಸೂರ್ಯನ ತುಂಡು" ಎಂದು ಮೆರೆದವನು ಮಾತ್ರ ತಾನು.

ಲಿಫ್ಟಣ್ಣ ಕೇಳಿದ್ದು ಇಷ್ಟೇ: "ಒತ್ತಿದ್ರೆ ಹತ್ತಬೇಕು, ಒತ್ತಿದ್ರೆ ಆರಬೇಕು. ಬೇರೆ ಯಾವ ಬುದ್ಧಿಯೂ ಇರಬಾರದು. ಅಂಥದ್ದು ಇದೆಯಾ?"

ಮೇಲಿನ ಅಟ್ಟದಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಯಿತು. ಅಗ್ಗದ್ದು, ಒಂಟಿ ಸೆಲ್ಲಿನದು, ಬೆಳಕು ಸಾಧಾರಣ. ಲಿಫ್ಟಣ್ಣ ಗೋಡೆಗೆ ಹಿಡಿದು ಐವತ್ತು ಸಲ ಒತ್ತಿದ. ಐವತ್ತು ಸಲವೂ ಅದು ಹೇಳಿದ ಮಾತು ಕೇಳಿತು.

ಅಲ್ಲಿಂದ ನೇರ ಕುಳ್ಳನ ಮನೆಗೆ. ಕುಳ್ಳನ ಹೆಂಡತಿ ಬಾಗಿಲು ತೆಗೆದು, ಒಳಗೆ ಬನ್ನಿ ಎನ್ನದೆ ಪಕ್ಕಕ್ಕೆ ಸರಿದಳು. ಕುಳ್ಳ ಕಿಟಕಿಯ ಹತ್ತಿರ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಕೂತಿದ್ದ. ಲಿಫ್ಟಣ್ಣ ನಿಂತೇ ಎಲ್ಲವನ್ನೂ ಹೇಳಿದ. ಅಂಗಡಿಯಿಂದ ಕೇಳಿ ತಂದಿದ್ದ ಆ ಕಪ್ಪು ಟಾರ್ಚನ್ನು ಗೋಡೆಗೆ ಹಿಡಿದು ತೋರಿಸಿದ. ಒಂದು, ಎರಡು.

"ಹೌದು, ಕಣ್ಣು ಕುಕ್ಕುತ್ತೆ ಅಂತ ಎರಡು ಸಲ ಒತ್ತಿ ಪಕ್ಕಕ್ಕಿಟ್ಟೆ" ಎಂದ ಕುಳ್ಳ, ಗೋಡೆಯಿಂದ ಕಣ್ಣು ತೆಗೆಯದೆ.

"ಬೆರಳು ಹೋದದ್ದಕ್ಕೆ ನಾನು ಅತ್ತಿಲ್ಲ ಕಣೋ" ಎಂದ. "ಪೊಲೀಸರ ಹತ್ರ ಹೇಳೋ ಹಾಗೆ ಹೇಳಿದೆಯಲ್ಲ, ನನ್ನ ಕಣ್ಣಾರೆ ನೋಡಿದೆ ಅಂತ. ಒಂದು ಸಲ ಬಂದು, ಏನಾಯ್ತೋ ಕುಳ್ಳ ಅಂತ ಕೇಳಬಾರದಿತ್ತಾ?"

ಲಿಫ್ಟಣ್ಣ ಟಾರ್ಚು ಆರಿಸಿ ಜೇಬಿಗೆ ಹಾಕಿಕೊಂಡ.

"ಸೋಮವಾರ ಸಾಹೇಬರ ಮುಂದೆ ಹೇಳ್ತೀನಿ."

"ಹೇಳು. ನಾನೂ ಬರ್ತೀನಿ. ನೀನು ಹೇಳೋದು ನನ್ನ ಕಿವಿಗೆ ಬೀಳಬೇಕು."

ಸೋಮವಾರ ಮೂರನೇ ಮಹಡಿಯ ಆಫೀಸಿನಲ್ಲಿ ಲಿಫ್ಟಣ್ಣ ಹೇಳಿದ. ಟಾರ್ಚು ಕಂಪನಿ ಕೊಟ್ಟದ್ದಲ್ಲ, ತಾನು ತಂದದ್ದು, ಹೇಗೆ ಕೆಲಸ ಮಾಡುತ್ತೆ ಅಂತ ತಾನೂ ನೋಡಲಿಲ್ಲ, ಜೊತೆಗಾರನಿಗೂ ಹೇಳಲಿಲ್ಲ. ಎಲ್ಲ ಹೇಳಿ ಮುಗಿಸಿದ.

"ಹಾಗಾದ್ರೆ ತಪ್ಪು ನಿನ್ನದು ಅಂತ ಬರ್ಕೊಳ್ಳಲಾ?"

"ಬರ್ಕೊಳ್ಳಿ ಸ್ವಾಮಿ."

ಕುಳ್ಳನ ಕಾಗದವನ್ನು ಸಾಹೇಬರು ಅಡ್ಡಡ್ಡ ಹರಿದರು. ಕೈ ವಾಸಿಯಾದ ಮೇಲೆ ಸಾಮಾನು ಕೋಣೆಯಲ್ಲಿ ಅವನಿಗೆ ಕೆಲಸ. ಲಿಫ್ಟಣ್ಣ ಇನ್ನು ಮೋಟಾರು ಕೋಣೆಯ ಮೆಟ್ಟಿಲು ಹತ್ತುವ ಹಾಗಿಲ್ಲ. ಅವನಿಗೇನು ಶಿಕ್ಷೆ ಅನ್ನುವುದನ್ನು ಮೇಲಿನವರು ತೀರ್ಮಾನಿಸುತ್ತಾರೆ.

ಇಬ್ಬರೂ ಹೊರಗೆ ಬಂದರು. ಆ ಕಟ್ಟಡದ ಲಿಫ್ಟು ಕೆಟ್ಟಿತ್ತು. ಮೆಟ್ಟಿಲ ಹತ್ತಿರ ಕುಳ್ಳ ನಿಂತ. ಹಿಡಿದು ಇಳಿಯುವ ಕಂಬಿ ಇದ್ದದ್ದು ಎಡಗಡೆಗೆ, ಬ್ಯಾಂಡೇಜಿನ ಕೈಯ ಕಡೆಗೆ. ಲಿಫ್ಟಣ್ಣ ತಟ್ಟನೆ ತನ್ನ ತೋಳು ಚಾಚಿದ.

"ಮುಟ್ಟಬೇಡ" ಎಂದ ಕುಳ್ಳ. ಆಮೇಲೆ, "ನೀನು ಮುಂದೆ ಇಳಿ" ಎಂದ.

ಲಿಫ್ಟಣ್ಣ ಮುಂದೆ ಇಳಿದ. ಒಂದೊಂದೇ ಮೆಟ್ಟಿಲು, ಹಿಂದಿನ ಹೆಜ್ಜೆ ಕೇಳಿಸಿದ ಮೇಲೆಯೇ ಮುಂದಿನದು.