ಟವೆಲ್ಲಿನ ಕೆಳಗೆ ಮನೆಯ ಬೆಲೆ

ನಿಜಾಮರ ಆಳ್ವಿಕೆ ಮುಗಿದ ಮೇಲೆ ಸುರಪುರದಲ್ಲಿ ನಮ್ಮ ಚಿಗವ್ವನ ಮನೆಯ ಮುಂದಿದ್ದ ಮುಳ್ಳುಕಂಟಿ ಕಡಿದು ಸರ್ಕಾರದವರು ಊರಿಗೊಂದು ಬಗೀಚಾ ಮಾಡಿದರು. ಕಂಟಿಯೊಳಗಿನ ಹಾವಿಗೆ ಹೆದರಿ ಚಿಗವ್ವ ಮೊದಲೇ ಮನೆ ಮಾರಲು ಹೊರಟಿದ್ದಳು. ಕಿರಾಣಿ ಸಾಹುಕಾರ ಇನ್ನೂ ಹಳೆಯ ಬೆಲೆಗೇ, ಮುನ್ನೂರು ರೂಪಾಯಿಗೇ ಕೇಳುತ್ತಿದ್ದ. ಬಗೀಚಾದಿಂದ ಬೆಲೆ ಏರಿದೆ ಎಂದು ನನಗೆ ಖಾತ್ರಿಯಿತ್ತು.

ಆಗಷ್ಟೇ ಮನೆ ಮಾರಿದವರನ್ನು ಎಷ್ಟಕ್ಕೆ ಹೋಯಿತೆಂದು ಕೇಳಿದೆ. ತೆರಿಗೆ ಏರೀತೆಂದು ಯಾರೂ ಬಾಯಿ ಬಿಡಲಿಲ್ಲ. ನಾನು ದನದ ಸಂತೆಯ ದಲಾಲ. ನಾವು ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ಲಿನ ಕೆಳಗೆ ಬೆರಳು ಹಿಡಿದು ತಿಳಿಸುತ್ತೇವೆ. ಕೈಮೇಲೆ ಟವೆಲ್ಲು ಹಾಕಿ ಚಾಚಿದೆ, ಎಲ್ಲರೂ ಹಿಡಿದರು. ಬೆರಳಿಗೆ ನೂರು. ಬಗೀಚಾ ಕಾಣದ ಹಿಂದಿನ ಓಣಿಯವನು ಮೂರು ಬೆರಳು ಹಿಡಿದ, ಬಗೀಚಾದ ಪಕ್ಕದ ಇಬ್ಬರೂ ಐದು.

ಸಾಹುಕಾರನಿಗೆ ಐನೂರು ಎಂದೆ.

“ಗಿಡ ಇನ್ನಾ ಮೊಳಕಾಲುದ್ದ ಅವ. ನೆಳ್ಳ ಎಲ್ಲೈತಲೇ?” ಎಂದು ನಕ್ಕ.

“ನೆಳ್ಳ ನಿಮ್ಮ ಮೊಮ್ಮಕ್ಕಳಿಗ್ರಿ. ಬ್ಯಾಡಂದ್ರ ಬಿಡ್ರಿ, ಮಂದಿ ಕಾಯಾಕತ್ತಾರ.”

ಸಾಹುಕಾರ ತಲೆ ಕೆರೆದುಕೊಂಡು ಒಪ್ಪಿದ. ಅಷ್ಟರಲ್ಲಿ ಬಾಗಿಲಲ್ಲಿದ್ದ ಚಿಗವ್ವ ಬಾಯಿ ಹಾಕಿದಳು: “ತಡೀರಿ ಸಾವ್ಕಾರ್ರ. ಹಾವೂ ಹೋಗ್ಯಾವ, ಬೆಲಿನೂ ಬಂದದ. ಈಗ್ಯಾಕ ಮಾರ್ಲಿ?”

ನನ್ನ ದಲಾಲಿ ಹೋಯಿತು. ನನ್ನ ಲೆಕ್ಕ ಮಾತ್ರ ತಪ್ಪಿರಲಿಲ್ಲ.